ಬ್ಯಾಪ್ಟಿಸ್ಟರ ಒಂದು ಗಂಟೆ

ಮಾತ್ರೆ ನುಂಗುವುದು ನಾಲ್ಕೂಕಾಲಿಗೆ, ಕೈ ಹಿಡಿತಕ್ಕೆ ಬರುವುದು ಐದಕ್ಕೆ, ಆರು ದಾಟಿದರೆ ಮತ್ತೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಕಾಪುವಿನ ಭುಜಂಗಣ್ಣನಿಗೆ ಬ್ಯಾಪ್ಟಿಸ್ಟರ ಮಗಳು ಡುಲ್ಸಿನ್ ಇದನ್ನು ಮೂರು ಸಲ ಹೇಳಿದ್ದಳು. ಮೂರನೆಯ ಸಲ ಕುಕ್ಕುಂದೂರಿನ ತನ್ನ ಮನೆಯ ಜಗಲಿಯಲ್ಲಿ ಬೆರಳು ಮಡಚಿ ಮಡಚಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದಳು. ಅವಳು ಶಾಲೆಯ ಟೀಚರೇ ಆಗಿದ್ದರಿಂದ ಭುಜಂಗಣ್ಣ ಬೇಸರಿಸಲಿಲ್ಲ.

"ಅಂಕಲ್, ಡ್ಯಾಡಿಗೆ ಸಂಜೆ ಒಂದು ಗಂಟೆ ಮಾತ್ರ ಉಂಟು. ಅದರೊಳಗೆ ನುಡಿಸಿ ಆಗಬೇಕು. ಶಾಲು, ಹಾರ ಎಲ್ಲ ಮತ್ತೆ ಮಾಡಿ. ಕೈ ನಡುಗುವವರಿಗೆ ಶಾಲು ಹೊದೆಸಬಹುದು, ಗಿಟಾರ್ ಕೊಟ್ಟರೆ ಎಂತ ಮಾಡುವುದು?"

"ನೀನು ತಲೆಬಿಸಿ ಮಾಡಬೇಡ ಮಗಾ. ಮೊದಲು ಗಿಟಾರ್, ಮತ್ತೆ ಸಭೆ. ನಾನಿದ್ದೇನಲ್ಲ," ಎಂದರು ಭುಜಂಗಣ್ಣ. ಆ ಹೊತ್ತಿನಲ್ಲಿ ಅವರು ಸುಳ್ಳು ಹೇಳಿರಲಿಲ್ಲ.

ಬ್ಯಾಪ್ಟಿಸ್ಟ್ ಎಂದರೆ ಒಂದು ಕಾಲಕ್ಕೆ ಉಡುಪಿಯಿಂದ ಕಾರ್ಕಳದವರೆಗಿನ ಹುಡುಗರ ತಲೆ ಕೆಡಿಸಿದ ಮನುಷ್ಯ. 'ಬ್ರೇಕ್‌ವಾಟರ್' ಎಂಬ ರಾಕ್ ಬ್ಯಾಂಡ್ ಕಟ್ಟಿಕೊಂಡು, ಹೆಗಲವರೆಗೆ ಕೂದಲು ಬಿಟ್ಟು, ಇಂಗ್ಲಿಷು, ಕೊಂಕಣಿ, ತುಳು ಮೂರರಲ್ಲೂ ಹಾಡಿ, ಎಲೆಕ್ಟ್ರಿಕ್ ಗಿಟಾರ್ ನುಡಿಸಿದವರು. ಮದುವೆಯಾದ ಮೇಲೆ ಹೊಟ್ಟೆಪಾಡಿಗೆ ಮಸ್ಕತ್ತಿಗೆ ಹೋಗಿ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆದರು. ಗಿಟಾರು ಪೆಟ್ಟಿಗೆ ಸೇರಿತು. ಡುಲ್ಸಿನ್ ಹುಟ್ಟಿದ್ದು ಅದರ ನಂತರ. ಅಪ್ಪ ವೇದಿಕೆಯ ಮೇಲೆ ನಿಂತದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಈಗ ಅಪ್ಪನಿಗೆ ಎಪ್ಪತ್ತೆರಡು, ಮೈಗೆ ನಡುಕದ ಕಾಯಿಲೆ. ಬರುವ ವರ್ಷ ಈ ಒಂದು ಗಂಟೆಯೂ ಉಳಿಯುತ್ತದೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದ ಮೇಲೆಯೇ ಅವಳು ಸನ್ಮಾನ ಕಾರ್ಯಕ್ರಮಕ್ಕೆ ಒಪ್ಪಿದ್ದಳು. ಒಂದೇ ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ.

ಭುಜಂಗಣ್ಣನದ್ದೂ ಅದೇ ಆಸೆ, ಇನ್ನೊಂದು ಸಲ ನೋಡಬೇಕು. ಕಾಪುವಿನಲ್ಲಿ ಅವರದ್ದು ಐಸ್ ಪ್ಲಾಂಟು, ವಯಸ್ಸು ಐವತ್ತೆಂಟು, ಮತ್ತು ಬ್ಯಾಪ್ಟಿಸ್ಟರ ಅಭಿಮಾನಿ ಬಳಗಕ್ಕೆ ಅವರೇ ಅಧ್ಯಕ್ಷರು. ಮಣಿಪಾಲದ ಮೈದಾನದಲ್ಲಿ ಬ್ಯಾಪ್ಟಿಸ್ಟರನ್ನು ಕಂಡ ಕಥೆಯನ್ನು ಅವರು ಮೀನಿನ ಏಲಂ ನಡೆಯುವಲ್ಲಿ, ಕ್ಷೌರದಂಗಡಿಯಲ್ಲಿ, ಬಾಳೆಲೆಯ ಮುಂದೆ, ಎಲ್ಲ ಕಡೆ ಹೇಳಿದ್ದರು. ಹೆಂಡತಿ ಕುಶಲಾ ಅದನ್ನು ಮದುವೆಯಾದ ಮೂರನೆಯ ದಿನವೇ ಕೇಳಿದ್ದಳು. ಆಮೇಲೆ ಎಷ್ಟು ಸಲ ಕೇಳಿದಳೋ ಅವಳಿಗೇ ಲೆಕ್ಕವಿಲ್ಲ.

ಕಾರ್ಯಕ್ರಮ ಉಡುಪಿಯ ಒಂದು ಸಭಾಭವನದಲ್ಲಿ, ಆದಿತ್ಯವಾರ ಸಂಜೆ ನಾಲ್ಕೂವರೆಗೆ. ನಮ್ಮ ಕರಾವಳಿಯ ಸಭೆಗಳನ್ನು ನೋಡಿಯೇ ಇಲ್ಲದ ಪುಣ್ಯವಂತರಿಗೆ ಒಂದು ಮಾತು ಹೇಳಬೇಕು. ಇಲ್ಲಿ ವೇದಿಕೆ ಕಟ್ಟಿದರೆ ಅದರ ಮೇಲೆ ಎಂಟು ಕುರ್ಚಿ ಬೀಳಲೇಬೇಕು. ಎಂಟು ಕುರ್ಚಿ ಬಿದ್ದರೆ ಎಂಟು ಹೂಗುಚ್ಛ, ಅದನ್ನು ಕೊಡಲಿಕ್ಕೆ ಎಂಟು ಜನ, ಆ ಎಂಟು ಜನರನ್ನು ಹೆಸರು, ಊರು, ಹುದ್ದೆ ಸಮೇತ ಕರೆಯಲಿಕ್ಕೆ ಒಬ್ಬ ನಿರೂಪಕ. ಮನೆಗೆ ಬೆಂಕಿ ಬಿದ್ದರೂ ನಾವು ಸ್ವಾಗತ ಭಾಷಣ ಮುಗಿಸಿಯೇ ನೀರು ಹಾಕುವವರು.

ನಿರೂಪಕ ರೂಪೇಶ್ ಬಳಗದ ಕಾರ್ಯದರ್ಶಿಯೂ ಹೌದು. ಐದಕ್ಕೆ ಸರಿಯಾಗಿ, ಬ್ಯಾಪ್ಟಿಸ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತು ಬೆರಳು ಬಿಡಿಸಿ ಮಡಚಿ ನೋಡಿಕೊಳ್ಳುತ್ತಿದ್ದ ಹೊತ್ತಿಗೆ, ಅವನು ಭುಜಂಗಣ್ಣನ ಕಿವಿಗೆ ಬಾಯಿಟ್ಟ.

"ಭುಜಂಗಣ್ಣ, ಮುಖ್ಯ ಅತಿಥಿಗಳಿಗೆ ಕಾರ್ಕಳದಲ್ಲಿ ಇನ್ನೊಂದು ಕಾರ್ಯಕ್ರಮ ಉಂಟಂತೆ. ಸಭೆ ಮೊದಲು ಮುಗಿಸಿಬಿಡುವ. ಹದಿನೈದು ನಿಮಿಷ ಮಾರಾಯ್ರೆ, ಅಷ್ಟೇ."

ಬೇಡ ಎನ್ನಬೇಕಿತ್ತು. ಆದರೆ ಬಂದ ಅತಿಥಿಯನ್ನು ಕೂರಿಸಿ ಹಾಡು ಶುರು ಮಾಡಿದರೆ ನಾಳೆ ಊರು ಎಂತ ಹೇಳೀತು? ಹದಿನೈದು ನಿಮಿಷ ಹೋದರೂ ಮುಕ್ಕಾಲು ಗಂಟೆ ಉಳಿಯುತ್ತದೆ ಎಂದು ಭುಜಂಗಣ್ಣ ತಲೆಯಾಡಿಸಿದರು.

ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಫ್ಯಾನಿನ ಗಾಳಿಗೆ ದೀಪ ಮೂರು ಸಲ ನಂದಿತು. ಫ್ಯಾನ್ ಆಫ್ ಮಾಡಬೇಕೆಂದು ನಾಲ್ಕನೆಯ ಕಡ್ಡಿ ಗೀರುವಾಗ ಹೊಳೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ. ಪತ್ರವನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಿದ್ದಾಯಿತು. ಅತಿಥಿಗಳು ಸಂಗೀತದ ಬಗ್ಗೆ ತಮಗೇನೂ ಗೊತ್ತಿಲ್ಲ ಎಂಬುದನ್ನು ಎಂಟು ನಿಮಿಷ ವಿವರಿಸಿ ಕಾರ್ಕಳಕ್ಕೆ ಹೊರಟರು. ಗಂಟೆ ಐದು ನಲವತ್ತಾಗಿತ್ತು.

ಡುಲ್ಸಿನ್ ವೇದಿಕೆಯ ಮೆಟ್ಟಿಲ ತನಕ ಬಂದಳು. "ಅಂಕಲ್, ಇನ್ನು ಇಪ್ಪತ್ತೇ ನಿಮಿಷ."

"ಆಯ್ತು ಮಗಾ, ಈಗಲೇ."

ಅಷ್ಟರಲ್ಲಿ ಪೆರ್ಡೂರಿನ ದೂಮಪ್ಪ ಮೈಕ್ ಹಿಡಿದಾಗಿತ್ತು. ಅವರು ನಿವೃತ್ತ ಬಸ್ ಡ್ರೈವರ್. ಒಂದು ಸಂಜೆ ಮಣಿಪಾಲದಲ್ಲಿ ಬ್ಯಾಪ್ಟಿಸ್ಟರ ಗಿಟಾರ್ ಕೇಳಿ, ಪ್ಯಾಸೆಂಜರುಗಳನ್ನು ಕೂರಿಸಿಕೊಂಡೇ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, ಎರಡು ಹಾಡು ಮುಗಿದ ಮೇಲೆ ಹೊರಟವರಂತೆ. "ಒಬ್ಬನೂ ಬೈಯಲಿಲ್ಲ, ಎಲ್ಲರೂ ಕಿಟಕಿಯಲ್ಲಿ ತಲೆ ಹಾಕಿದ್ದರು," ಎಂದಾಗ ಸಭೆ ನಕ್ಕಿತು. ಭುಜಂಗಣ್ಣ ಹಿಂದಿನಿಂದ ಅಂಗಿ ಜಗ್ಗಿದರು. ದೂಮಪ್ಪ ಒಳ್ಳೆಯ ಮನುಷ್ಯ, ಕೂಡಲೇ ಇಳಿದರು.

"ಈಗ ನಮ್ಮ ಅಧ್ಯಕ್ಷರಿಂದ ಎರಡು ಮಾತು," ಎಂದ ರೂಪೇಶ್.

ಬ್ಯಾಪ್ಟಿಸ್ಟರನ್ನು ನುಡಿಸಲು ಕರೆಯುವುದು, ಕೂತುಕೊಳ್ಳುವುದು, ಇಷ್ಟೇ ಎಂದುಕೊಂಡು ಭುಜಂಗಣ್ಣ ವೈರಿಲ್ಲದ ಮೈಕ್ ತೆಗೆದುಕೊಂಡು ವೇದಿಕೆಯ ನಡುವಿಗೆ ಬಂದರು. ಎದುರಿಗೆ ಮುನ್ನೂರು ಮುಖ. ಬೆನ್ನ ಹಿಂದೆ, ಮೂವತ್ತು ವರ್ಷ ಯಾರ ಕಥೆ ಹೇಳಿದರೋ ಆ ಮನುಷ್ಯ ಖುದ್ದು ಕೂತು ಕೇಳುತ್ತಿದ್ದಾರೆ. ಇಂಥ ದಿನ ಇನ್ನೊಮ್ಮೆ ಬರುತ್ತದೆಯೇ?

"ನಾನು ಆಗ ಟೆಂಪೋದಲ್ಲಿ ಮಣಿಪಾಲದ ಹೊಟೇಲಿಗೆ ಐಸ್ ಹಾಕಲಿಕ್ಕೆ ಹೋಗ್ತಿದ್ದೆ," ಎಂದು ಶುರುವಾಯಿತು. ಐಸ್ ಇಳಿಸಿ ಬರುವಾಗ ಮೈದಾನದಲ್ಲಿ ಗಲಾಟೆ ಕೇಳಿ, ಖಾಲಿ ಐಸ್ ಬಾಕ್ಸು ಹೊತ್ತುಕೊಂಡೇ ಒಳಗೆ ನುಗ್ಗಿದ್ದು. ಲುಂಗಿಯ ಮೀನಿನ ವಾಸನೆಗೆ ಕಾಲೇಜಿನ ಹುಡುಗ ಹುಡುಗಿಯರು ಮೂಗು ಮುಚ್ಚಿ ಸರಿದು ನಿಂತದ್ದು. ಅವರ ಸುತ್ತ ಒಂದು ಹೊಂಡದಷ್ಟು ಜಾಗ ಖಾಲಿಯಾದದ್ದು. ನಾಚಿಕೆಯಿಂದ ಹೊರಡಬೇಕು ಎನ್ನುವಾಗ ಬ್ಯಾಪ್ಟಿಸ್ಟರು ಉದ್ದ ವೈರು ಎಳೆದುಕೊಂಡು ವೇದಿಕೆಯಿಂದ ಹಾರಿ, ನೇರ ಆ ಖಾಲಿ ಜಾಗಕ್ಕೆ ಬಂದು, ಐಸ್ ಬಾಕ್ಸಿನ ಮೇಲೆ ಒಂದು ಕಾಲಿಟ್ಟು, ಇಡೀ ಹಾಡನ್ನು ಅಲ್ಲೇ ನುಡಿಸಿದ್ದು! ಆ ಹಾಡಿನ ಒಂದೊಂದು ತಿರುವನ್ನೂ ಭುಜಂಗಣ್ಣ ಬಾಯಲ್ಲೇ ನುಡಿಸಿ ತೋರಿಸಿದರು. ಜನ ಶಿಳ್ಳೆ ಹೊಡೆದರು.

ಎದುರಿನ ಸಾಲಿನಲ್ಲಿ ಡುಲ್ಸಿನ್ ಕೈಗಡಿಯಾರ ತೋರಿಸಿದಳು. ಅವರು ಕಣ್ಣಿನಲ್ಲೇ 'ಆಯ್ತು' ಎಂದರು. ಸ್ವಲ್ಪ ಹೊತ್ತಿನಲ್ಲಿ ಅವಳು ಫೋನೆತ್ತಿ ವಿಡಿಯೊ ಮಾಡತೊಡಗಿದಳು. ಕಣ್ಣಲ್ಲಿ ನೀರಿತ್ತು. ತನ್ನ ಕಥೆ ಹುಡುಗಿಯ ಮನಸ್ಸಿಗೆ ನಾಟಿತು ಎಂದು ಭುಜಂಗಣ್ಣ ಉಬ್ಬಿಹೋದರು. ಅವಳಿಗಾಗಿಯೇ ಎಂದು ಇನ್ನಷ್ಟು ವಿವರ ಸೇರಿಸಿದರು. ಉಳಿದವರ ಮಾತು ಕತ್ತರಿಸಬೇಕಾದವರು ಅವರೇ. ಬೇಲಿಯೇ ಎದ್ದು ಹೊಲ ಮೇಯಿತು.

ಅವರು ಮೈಕ್ ಕೊಟ್ಟಾಗ ಆರು ಗಂಟೆ ಏಳು ನಿಮಿಷ. ಗೋಡೆಯ ಗಡಿಯಾರವನ್ನು ಅವರು ನೋಡಿದ್ದೇ ಆಗ.

ಡುಲ್ಸಿನ್ ಬಂದು ಅಪ್ಪನ ಕೊರಳಿಗೆ ಗಿಟಾರಿನ ಪಟ್ಟಿ ಹಾಕಿದಳು. ಬ್ಯಾಪ್ಟಿಸ್ಟರು ಎದ್ದು ನಿಂತರು. ಬಲಗೈ ತಂತಿಯ ಹತ್ತಿರ ಬಂತು, ಬೆರಳ ನಡುವಿನಿಂದ ಮೀಟುವ ಪ್ಲೆಕ್ಟ್ರಂ ಜಾರಿ ಬಿತ್ತು. ಭುಜಂಗಣ್ಣ ಹೆಕ್ಕಿ ಕೊಟ್ಟರು. ಮತ್ತೆ ಬಿತ್ತು. ಬರಿಗೈಯನ್ನೇ ತಂತಿಗಿಟ್ಟಾಗ ಆ ನಡುಕವೆಲ್ಲ ದೊಡ್ಡ ಸ್ಪೀಕರಿನಲ್ಲಿ ಕರಕರ ಎಂದು ಹೊರಬಂತು. ಇದು ಹೊಸ ಬಗೆಯ ಆರಂಭ ಎಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿ ಕುಣಿದರು. ಆ ಚಪ್ಪಾಳೆ ನಿಲ್ಲಿಸಲು ಭುಜಂಗಣ್ಣ ಬರಿದೇ ಕೈ ಬೀಸಿದರು.

ಬ್ಯಾಪ್ಟಿಸ್ಟರು ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಸದ್ದು ಅಡಗಿಸಿದರು. ಚಪ್ಪಾಳೆ ಒಂದೊಂದಾಗಿ ನಿಂತಿತು. ಈಗ ಎಲ್ಲರಿಗೂ ಗೊತ್ತಾಗಿತ್ತು.

"ಇನ್ನೊಂದು ಮಾತ್ರೆ ಕೊಡಬಹುದಲ್ಲ?" ಎಂದರು ಭುಜಂಗಣ್ಣ, ಬೇಡುವವರ ಹಾಗೆ.

"ಒಂಬತ್ತಕ್ಕೆ ಮೊದಲು ಕೊಡುವ ಹಾಗಿಲ್ಲ ಅಂಕಲ್," ಎಂದಳು ಡುಲ್ಸಿನ್. ಸ್ವರದಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

ಮೆಟ್ಟಿಲಿಳಿಯುವಾಗ ಬ್ಯಾಪ್ಟಿಸ್ಟರು ಅವರ ತೋಳು ಹಿಡಿದುಕೊಂಡರು. "ಬೇಜಾರು ಮಾಡಬೇಡಿ ಭುಜಂಗ. ಆ ಐಸ್ ಬಾಕ್ಸಿನ ಸಂಗತಿ ನನಗೆ ನೆನಪೇ ಇರಲಿಲ್ಲ. ನೀವು ಚಂದ ಹೇಳಿದ್ರಿ."

ಹಿಂದಿನಿಂದ ರೂಪೇಶ್ ಧನ್ಯವಾದ ಸಮರ್ಪಣೆ ಶುರು ಮಾಡಿದ್ದ. ಮೈಕ್ ಸೆಟ್ಟಿನವರನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಬಳಗದ ವಾಟ್ಸಾಪಿನಲ್ಲಿ 'ಅಚ್ಚುಕಟ್ಟಾದ ಕಾರ್ಯಕ್ರಮ', 'ಭುಜಂಗಣ್ಣನ ಮಾತು ಸೂಪರ್' ಎಂದು ಕೈಮುಗಿದ ಚಿತ್ರಗಳು ರಾಶಿ ಬಿದ್ದಿದ್ದವು. ಒಂದೊಂದೂ ಕೆನ್ನೆಗೆ ಹೊಡೆದ ಹಾಗಾಯಿತು. ಚಹಾ ಆರುತ್ತಿತ್ತು. ಆಗ ಡುಲ್ಸಿನ್‌ಳಿಂದ ಒಂದು ವಿಡಿಯೊ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ.

ತೆರೆದರು. ಕಥೆ ಹೇಳುತ್ತಿದ್ದದ್ದು ಅವರದೇ ಸ್ವರ. ಆದರೆ ಚಿತ್ರದಲ್ಲಿ ಅವರಿಲ್ಲ. ಅಂಚಿನಲ್ಲಿ ಅವರ ಮೊಣಕೈ ಮಾತ್ರ ಆಗಾಗ ಅಡ್ಡ ಬರುತ್ತಿತ್ತು. ಇಡೀ ಪರದೆಯಲ್ಲಿ ಇದ್ದದ್ದು ಕುರ್ಚಿಯಲ್ಲಿ ಕೂತ ಬ್ಯಾಪ್ಟಿಸ್ಟರು. ಸನ್ಮಾನ ಪತ್ರದ ಚೌಕಟ್ಟನ್ನು ತೊಡೆಯ ಮೇಲೆ ಓರೆಯಾಗಿ ನಿಲ್ಲಿಸಿಕೊಂಡಿದ್ದಾರೆ. ಎಡಗೈಯ ಬೆರಳುಗಳು ಅದರ ಅಂಚಿನ ಮೇಲೆ ಮೇಲಕ್ಕೂ ಕೆಳಕ್ಕೂ ಓಡುತ್ತಿವೆ, ಒತ್ತುತ್ತಿವೆ, ಜಾರುತ್ತಿವೆ. ಬಲಗೈ ಶಾಲಿನ ಮರೆಯಲ್ಲಿ ಇಲ್ಲದ ತಂತಿಗಳನ್ನು ಮೀಟುತ್ತಿದೆ. ಒಂದಿಷ್ಟೂ ನಡುಕವಿಲ್ಲ. ಕಣ್ಣು ಮುಚ್ಚಿದೆ, ಪೇಟ ಒಂದು ಕಡೆಗೆ ಜಾರಿದೆ, ಮುಖದಲ್ಲಿ ನಗು. ಭುಜಂಗಣ್ಣ ಬಾಯಲ್ಲಿ ತಿರುವು ತೋರಿಸುವುದಕ್ಕಿಂತ ಒಂದು ಕ್ಷಣ ಮೊದಲೇ ಆ ಬೆರಳುಗಳು ಅಲ್ಲಿಗೆ ತಲುಪಿರುತ್ತಿದ್ದವು.

ಭುಜಂಗಣ್ಣ ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದರು. ಮೂವತ್ತು ವರ್ಷ ಕಾದದ್ದು ತನ್ನ ಬೆನ್ನ ಹಿಂದೆ, ನಾಲ್ಕು ಅಡಿ ದೂರದಲ್ಲಿ ನಡೆದಿತ್ತು. ತಾನು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಕುಶಲಾ ಕೈ ಒರೆಸಿಕೊಳ್ಳುತ್ತ ಬಂದು ಅವರ ಹೆಗಲ ಮೇಲಿಂದ ಬಗ್ಗಿದಳು. ಸ್ವಲ್ಪ ಹೊತ್ತು ನೋಡಿ, ಏನೂ ಗೊತ್ತಿಲ್ಲದೆ ಕೇಳಿದಳು:

"ಅವರು ಎಷ್ಟು ಚಂದ ನುಡಿಸ್ತಾ ಇದ್ದಾರೆ, ಅಲ್ವಾ? ಮಧ್ಯದಲ್ಲಿ ನೀವು ಎಂತಕ್ಕೆ ಮಾತಾಡುವುದು?"