ಗಾಳದ ಮಗು

ತೊಟ್ಟಿಯ ನೀರಿನ ಮೇಲೆ ಒಂದು ಇರುವೆ ತೇಲುತ್ತಿದೆ, ತಾನೇ ಕಾಲಾಡಿಸುತ್ತಿದೆಯೋ ನೀರೇ ಅದನ್ನು ಆಡಿಸುತ್ತಿದೆಯೋ, ಪುರ್ವಾಂತಿ ಚೊಂಬು ಹಿಡಿದು ನಿಂತವಳು ನಿಂತೇ ಇದ್ದಾಳೆ, ಹೊರಗೆ ಅತ್ತೆ ಕಾಯಿ ತುರಿಯುವ ಸದ್ದು ಕರಕರ ಕರಕರ, ಸಂಜೆಯ ನಮಾಜಿಗೆ ಇನ್ನೇನು ಕರೆ ಬರಬೇಕು, ಕೈಕಾಲು ತೊಳೆದು ಬರ್ತೀನಿ ಇಬು ಎಂದು ಅತ್ತೆಗೆ ಹೇಳಿ ಬಚ್ಚಲಿಗೆ ಬಂದವಳಿಗೆ ಲಂಗದಲ್ಲಿ ಆ ಕಲೆ ಕಂಡದ್ದು ಈಗಷ್ಟೇ, ಕಂದು, ಅಲ್ಲ ಕೆಂಪು, ಅಲ್ಲ ಕಂದೇ ಇರಬೇಕು, ಈ ದರಿದ್ರ ಬಲ್ಬನ್ನು ನಂಬುವ ಹಾಗಿಲ್ಲ — ಬಸಿರು ನಿಂತ ಮೇಲೂ ಕೆಲವರಿಗೆ ಹೀಗೆ ಚೂರು ಕಾಣಿಸಿಕೊಳ್ಳುತ್ತದಂತೆ, ಬೇರಿನ ಕಷಾಯ ಮಾರುವ ಮುದುಕಿ ಹೇಳಿರಲಿಲ್ಲವೇ, ಏನೂ ಆಗಲ್ಲ ಮಗಾ, ನಂಗೂ ಹಂಗೇ ಆಗಿತ್ತು, ನೋಡು ನನ್ನ ಮಗ ಈಗ ಲಾರಿ ಓಡಿಸ್ತಾನೆ. ಆದರೆ ಕಿಬ್ಬೊಟ್ಟೆ ಹಿಂಡಿ ಸೊಂಟಕ್ಕಿಳಿಯುವ ಈ ನೋವು ಹೊಸದಲ್ಲವಲ್ಲ, ಅವಳ ಮುಟ್ಟಿಗೆ ಹೊತ್ತುಗೊತ್ತಿಲ್ಲ, ಮನಸ್ಸಾದರೆ ಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ನಾಪತ್ತೆ, ಬಂದಾಗ ಮಾತ್ರ ಹೀಗೆಯೇ, ಬೆನ್ನು ಹಿಡಿದುಕೊಂಡೇ ಬರುತ್ತದೆ.

ಮೊಟ್ಟೆಗಳಿಲ್ಲ ಅಂತಲ್ಲ, ಬೇಕಾದಷ್ಟಿವೆ, ಬಲಿಯೋದಿಲ್ಲ ಅಷ್ಟೆ, ಸೋಲೋ ಪೇಟೆಯ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ಹೇಳಿದ್ದರು, ಒಂದು ಹಾರ್ಮೋನು ಏರಬೇಕಾದಾಗ ಏರಲ್ಲ, ಇನ್ನೊಂದು ಇಳಿಯಬೇಕಾದಾಗ ಇಳಿಯಲ್ಲ, ಅದಕ್ಕೇ ನಿಮ್ಮ ಮುಟ್ಟು ದಾರಿ ತಪ್ಪಿರೋದು, ಪರದೆಯ ತುಂಬ ಕಪ್ಪು ಕಪ್ಪು ಗುಳ್ಳೆ, ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತ ಲಾರಸ್, ಬುಲಿಕ್, ನಿನ್ ಹೊಟ್ಟೇಲಿ ಸಬ್ಬಕ್ಕಿ ಇದೆ! ಡಾಕ್ಟರಮ್ಮ ನಕ್ಕು ಮಗಳಾ ಎಂದು ಕೇಳಿದರೆ ಏನು ಹೇಳುವುದು, ಅಕ್ಕ ಹರ್ನಿಯ ಮಗಳು, ಗಾಳದ ಮಗು — ಮಕ್ಕಳಾಗದವರು ನೆಂಟರ ಕೂಸೊಂದನ್ನು ತಂದು ಸಾಕಿದರೆ ಅದರ ಬೆನ್ನಿಗೆ ಸ್ವಂತದ್ದೊಂದು ಬಂದು ಕಚ್ಚಿಕೊಳ್ಳುತ್ತದೆ ಎಂದು ಊರಿಗೆ ಊರೇ ನಂಬುವಾಗ ಅಕ್ಕ ತಾನೇ ಹೇಗೆ ಇಲ್ಲವೆಂದಾಳು, ಮೂರನೆಯದನ್ನು ಹಾಲು ಬಿಡಿಸಿ ತಂದು ಇವಳ ಮಡಿಲಿಗೆ ಹಾಕಿದ್ದಳು, ಇಲ್ಲಿಯೇ ನಡೆದದ್ದು, ಇಲ್ಲಿಯೇ ಮಾತು ಕಲಿತದ್ದು, ಬುಲಿಕ್ ಅಂದರೆ ಚಿಕ್ಕಮ್ಮ ಎಂದು ಎಷ್ಟು ಕಲಿಸಿದರೂ ಜ್ವರ ಬಂದಾಗ ಅದು ಅಮ್ಮಾ ಎಂದೇ ನರಳುತ್ತಿತ್ತು. ತನ್ನ ಕೆಲಸ ಏನೆಂದು ಅದಕ್ಕೆ ಚೆನ್ನಾಗಿ ಗೊತ್ತು, ಮಲಗುವ ಮುಂಚೆ ಇವಳ ಹೊಕ್ಕುಳಿಗೆ ಬಾಯಿ ಹಚ್ಚಿ ಕೂಗುತ್ತಿತ್ತು, ತಮ್ಮಾ ಬಾರೋ, ಇಲ್ಲಿ ಅನ್ನ ಇದೆ, ಬೆಕ್ಕಿನ ಮರಿನೂ ಇದೆ, ಕಚಗುಳಿಯಾಗಿ ಇವಳು ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು, ನೋಡು, ಅವನಿಗೆ ಕೇಳಿಸ್ತು!

ಮೊಟ್ಟೆ ಬಲಿಯಲು ಮಾತ್ರೆ, ಬಲಿತದ್ದು ಒಡೆಯಲು ಹೊಟ್ಟೆಗೊಂದು ಇಂಜೆಕ್ಷನ್ನು, ಆಮೇಲೆ ಗರ್ಭಕೋಶಕ್ಕೆ ಹಾಸಿಗೆ ಹಾಸುವ ಇನ್ನೊಂದು ಮಾತ್ರೆ, ಕೇಳಿ ಪುರ್ವಾಂತಿಯವರೇ, ಆತುರಪಟ್ಟು ಮನೇಲಿ ಪರೀಕ್ಷೆ ಮಾಡ್ಕೋಬೇಡಿ, ಬಸಿರಾದಾಗ ಮೈಯಲ್ಲಿ ಹುಟ್ಟುವ ಹಾರ್ಮೋನೇ ಈ ಇಂಜೆಕ್ಷನ್ನಲ್ಲೂ ಇರೋದು, ಕಡ್ಡಿ ಮೋಸ ಹೋಗುತ್ತೆ — ಹೇಳಿದ್ದರು, ಹೇಳಿರಲಿಲ್ಲ ಎನ್ನುವ ಹಾಗಿಲ್ಲ, ಆದರೆ ಎದೆ ಭಾರವಾದಾಗ, ಬೆಳ್ಳುಳ್ಳಿ ಒಗ್ಗರಣೆಗೆ ವಾಕರಿಕೆ ಬಂದಾಗ, ಅದೆಲ್ಲ ಮಾತ್ರೆಯ ಆಟ ಎಂದು ಯಾವ ಹೆಂಗಸಿನ ಮನಸ್ಸು ಒಪ್ಪುತ್ತದೆ, ಮೈ ತನ್ನದೇ, ಸುಳ್ಳು ಮಾತ್ರ ಬೇರೆಯವರದು. ಎರಡು ಗೆರೆ. ಕಡ್ಡಿಯನ್ನು ಇದೇ ತೊಟ್ಟಿಯ ಕಟ್ಟೆಯ ಮೇಲೆ ಮರೆತು ಹೋದಳು, ನಿಜಕ್ಕೂ ಮರೆತಳೋ, ಯಾರಾದರೂ ನೋಡಲಿ ಎಂದು ಬಿಟ್ಟಳೋ, ಅತ್ತೆ ಅದನ್ನು ಎತ್ತಿ ಹಿಡಿದುಕೊಂಡು ಅಂಗಳಕ್ಕೇ ಓಡಿದರು, ಕಚ್ಚಿತು, ಗಾಳಕ್ಕೆ ಕಚ್ಚಿತು! ಸಂಜೆಯೊಳಗೆ ಬೆಲ್ಲದ ಕೆಂಪು ಗಂಜಿ, ಹಾಲಿನ ಬಿಳಿ ಗಂಜಿ, ಕೇರಿಯವರೆಲ್ಲ ತಿಂದು ಬಾಯಿ ಒರೆಸಿಕೊಂಡು ಹೋದರು. ಇನ್ನು ಆ ಮಗೂನ ಕಳಿಸ್ಬಿಡು ಪುರ್, ಹೊಟ್ಟೇಲಿರೋದಕ್ಕೆ ಹೊಟ್ಟೆಕಿಚ್ಚು ಬಂದು ನಿಲ್ಲದೆ ಹೋದೀತು, ಅತ್ತೆ ಎಂದರು, ಇನ್ನೂ ಸ್ವಲ್ಪ ದಿನ ನೋಡೋಣ ಇಬು ಎಂದದ್ದು ಇವಳೇ, ಗಟ್ಟಿಯಾಗಿ ಹೇಳಲಿಲ್ಲ, ಇಂಜೆಕ್ಷನ್ನಿನ ಮಾತನ್ನಂತೂ ಬಾಯಿಗೇ ತರಲಿಲ್ಲ, ತ್ರಿಯೊನೊ ಕಡೆ ನೋಡಿದಳು, ಗಂಡ ಎನಿಸಿಕೊಂಡವನು ಗಂಜಿಯ ತಟ್ಟೆ ಕೆರೆಯುತ್ತಾ ಅಮ್ಮ ಹೇಳಿದ್ಮೇಲೆ ಆಯ್ತಲ್ಲ ಎಂದ, ಅಷ್ಟೇ.

ಬುಲಿಕ್, ನನ್ನ ಕೆಲಸ ಆಯ್ತಲ್ವಾ, ನಾನು ಜಾಣೆ ಅಲ್ವಾ, ಬಟ್ಟೆ ತುಂಬುವಾಗ ಕೇಳಿತು, ಜಾಣೆ, ತುಂಬಾ ಜಾಣೆ, ತಮ್ಮ ಬಂದ ದಿನ ಫೋನ್ ಮಾಡ್ತೀಯಾ, ಮಾಡ್ತೀನಿ. ಅದರ ಅಪ್ಪ ಬೈಕು ತಂದಿದ್ದ, ಮಕ್ಕಳ ಹೆಲ್ಮೆಟ್ಟು ತಂದಿರಲಿಲ್ಲ, ಇವಳೇ ತನ್ನದನ್ನು ತೊಡಿಸಿದಳು, ಅಷ್ಟು ದೊಡ್ಡ ಹೆಲ್ಮೆಟ್ಟು, ಭುಜದ ಮೇಲೆ ಕೂತುಬಿಟ್ಟಿತು. ಅಕ್ಕ ಮಾತ್ರ ಆಮೇಲೆ ಫೋನಿನಲ್ಲಿ ಹೇಳಿದ್ದು, ಒಂದ್ಸಲ ಕರುಳು ಕಿತ್ತು ಕೊಟ್ಟೆ ಕಣೇ, ಈಗ ವಾಪಸ್ ಬಂದಿದಾಳೆ, ಇನ್ನೊಂದ್ಸಲ ಕೇಳ್ಬೇಡ, ನಾನೂ ತಾಯಿ. ಸರಿಯೇ, ಅವಳ ಮಗಳು ಅವಳಿಗೆ, ಇದರಲ್ಲಿ ತಪ್ಪು ಹುಡುಕಲು ಹೋದರೆ ತನ್ನ ಬಾಯಿಗೇ ಮಣ್ಣು, ಮೊನ್ನೆ ತಂದ ಇನ್ನೊಂದು ಕಡ್ಡಿಯಲ್ಲಿ ಎರಡನೆಯ ಗೆರೆ ಇದ್ದೂ ಇಲ್ಲದಂತಿತ್ತು, ಕಿಟಕಿಗೆ ಹಿಡಿದು, ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದರೂ ಇದ್ದೂ ಇಲ್ಲದಂತೆ — ಈಗ ಇದು, ಕಂದಲ್ಲ, ಕೆಂಪೇ, ಕಾಲಿಗೆ ಬೆಚ್ಚಗೆ ಇಳಿಯುತ್ತಿದೆ.

ತುರಿಯುವ ಸದ್ದು ನಿಂತಿದೆ, ಮಸೀದಿಯ ಕರೆ ಶುರುವಾಗಿದೆ, ಪುರ್, ನಿಧಾನ ಕಣಮ್ಮಾ, ನೆಲ ಜಾರುತ್ತೆ, ಎರಡು ಜೀವದವಳು ನೀನು, ನಿನ್ನ ಬಿಳಿ ನಿಲುವಂಗಿ ಹಾಸಿಟ್ಟಿದೀನಿ, ತ್ರಿಯೊನೊನೂ ಬಂದ, ಬೇಗ ಬಾ. ಇವತ್ತು ನನಗೆ ರಜೆ ಇಬು, ಅಷ್ಟು ಹೇಳಿದರೆ ಸಾಕು, ಇಲ್ಲಿ ಎಲ್ಲ ಹೆಂಗಸರೂ ಮುಟ್ಟಾದ ದಿನ ನಮಾಜಿಗೆ ಹೀಗೇ ರಜೆ ಹೇಳುವುದು, ಇವಳೂ ಎಷ್ಟೋ ಸಲ ಹೇಳಿ ಅಡುಗೆಮನೆಗೆ ಹೋಗಿದ್ದಾಳೆ, ಇವತ್ತು ಹೇಳದೆ ಹೋಗಿ ಸಾಲಿನಲ್ಲಿ ನಿಂತರೆ ದೇವರೆದುರು ಸುಳ್ಳು, ಹೇಳಿದರೆ ಅಂಗಳಕ್ಕೆ ಓಡಿದ ಆ ಮುಖವನ್ನು ನೋಡಬೇಕು, ಗಂಜಿ ತಿಂದವರನ್ನೆಲ್ಲ ನೋಡಬೇಕು, ಅದು ಹೋಗಲಿ, ಅದೆಲ್ಲ ಹಾಳಾಗಿ ಹೋಗಲಿ, ಮಗುವಿಗೆ ಏನು ಹೇಳುವುದು, ನಿನ್ನನ್ನು ಸುಮ್ಮನೆ ಕಳಿಸಿದೆ ಎಂದೇ, ಪುರ್, ಕೇಳಿಸ್ತಾ, ಬಾಗಿಲ ಹತ್ತಿರವೇ ಬಂದಿದ್ದಾರೆ, ಕೇಳಿಸ್ತು ಇಬು, ಬಂದೆ, ಕೈ ಚಿಲಕದ ಮೇಲಿದೆ, ತೆಗೆಯುತ್ತಿಲ್ಲ, ಕಣ್ಣೆದುರು ಅವತ್ತಿನ ಬೈಕು ಬೀದಿಯ ತಿರುವಿಗೆ ಹೋಗುತ್ತಿದೆ, ಟಾಟಾ ಮಾಡಲು ಇವಳು ಕೈ ಎತ್ತಿದ್ದಾಳೆ, ಲಾರಸ್ ತಿರುಗಿ ನೋಡುತ್ತಾಳೆ, ಈಗ ನೋಡುತ್ತಾಳೆ, ಹೆಲ್ಮೆಟ್ಟಿನ ಕೆಳಗಿಂದ ಇಳಿದ ಪುಟ್ಟ ಜಡೆ ಈ ಕಡೆ ಹೊರಳಿತು, ಆ ಕಡೆ ಹೊರಳಿತು, ಮಗು ತಲೆ ತಿರುಗಿಸುತ್ತಿದೆ, ಒಳಗೆ ತಲೆ ತಿರುಗುತ್ತಲೇ ಇದೆ, ಹೆಲ್ಮೆಟ್ಟು ತಿರುಗುತ್ತಿಲ್ಲ.