ಮೋಟರ್ ನಿಂತ ಮೇಲೆ ಬರುವ ಸಪ್ಪಳ

೧
ಕತೆಯನ್ನು ಸಪ್ಪಳದಿಂದ ಶುರು ಮಾಡಲೋ, ನೀರಿನಿಂದಲೋ? ಸಪ್ಪಳದಿಂದ ಅಂದರೆ ನಿಮ್ಮ ಕೈಯೊಳಗಿನ ಪುಸ್ತಕ ನೆಲಕ್ಕೆ ಬಿದ್ದೀತು, ಅಂಥ ಸಪ್ಪಳ. ಮುನವಳ್ಳಿ ಪೇಟೆಯ ಒಂದು ಬೇಸ್‌ಮೆಂಟಿನಲ್ಲಿ 'ಢಬ್' ಅಂದರೆ ಸವದತ್ತಿಯ ಎತ್ತುಗಳು ಬೆಚ್ಚುತ್ತಿದ್ದವು, ರಾಮದುರ್ಗದ ಮಗ್ಗಗಳು ಎಳೆ ತಪ್ಪುತ್ತಿದ್ದವು.

(ಆ ಬೇಸ್‌ಮೆಂಟಿನ ಬಾಡಿಗೆದಾರಳು ಮಹೇಕ್ ಇದನ್ನು ಓದಿ, 'ಸರ್, ಮ್ಯಾಲಿನ ಬಟ್ಟಿ ಅಂಗಡಿಗೂ ಕೇಳತಿರಲಿಲ್ರಿ' ಎಂದು ಮೆಸೇಜು ಹಾಕಿದ್ದಾಳೆ. ನಂಬಬೇಡಿ. ಆಕೆಗೆ ಕತೆ ಬರೆದು ರೂಢಿಯಿಲ್ಲ.)

೨
ಮೊದಲ ಡ್ರಾಫ್ಟಿನಲ್ಲಿ ನಾನೇ ಹೀರೋ. ಪೈಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಪಂಪಿನ ರೋಗ ಹಿಡಿಯುತ್ತೇನೆ. ಚೆನ್ನಾಗಿತ್ತು. ಅಲ್ಲಿ ಮೂವರು ಸಾಕ್ಷಿಗಳಿದ್ದುದರಿಂದ ಹರಿದು ಹಾಕಬೇಕಾಯಿತು.

೩
ಆದದ್ದು ಇಷ್ಟು. ಮಹೇಕ್ ಅಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಾಳೆ. ಜಲಾಶಯದ ಮಗ್ಗುಲಿನ ಊರು, ಅಗೆದಲ್ಲೆಲ್ಲ ನೀರು ಜಿನುಗುತ್ತದೆ. ಹಿಂದಿನ ಕೋಣೆಯ ಗುಂಡಿ ತುಂಬಿದಾಗ ಪಂಪು ತಾನೇ ಚಾಲೂ ಆಗಿ, ನೀರನ್ನು ಮೇಲಿನ ಗಟಾರಕ್ಕೆ ಎಸೆದು, ತಾನೇ ನಿಲ್ಲುತ್ತದೆ. ಅದರ ಗುಂಯ್ ಎನ್ನುವುದನ್ನು ದಪ್ಪ ಬಾಗಿಲು ತಡೆಯುತ್ತಿತ್ತು. ಢಬ್ ಮಾತ್ರ ಗೋಡೆಯೊಳಗಿಂದಲೇ ಬರುತ್ತಿತ್ತು, ಐದು ನಿಮಿಷಕ್ಕೊಮ್ಮೆ. ಪಂಪು ಬಂದ್ ಇಟ್ಟರೆ ಹತ್ತೇ ನಿಮಿಷಕ್ಕೆ ನೀರು ವೈರುಗಳ ತನಕ.

ಆವತ್ತು ಸುರೇಬಾನದ ಬೀರವ್ವ ಬೀಸುಕಲ್ಲಿನ ಪದ ಹಾಡಲು ಬಂದಿದ್ದಳು, ಕತೆ ಸಿಕ್ಕೀತೆಂದು ನಾನೂ ಹೋಗಿದ್ದೆ. ಹನ್ನೆರಡು ನಿಮಿಷದ ಪದ, ಅತ್ತೆ ಕೆಂಪವ್ವನಿಂದ ಕಲಿತದ್ದು, ಈಗ ಬೇರೆ ಯಾರಿಗೂ ಬಾರದ್ದು. ಮರುದಿನ ಧಾರವಾಡದಲ್ಲಿ ಆಕೆಯ ಗಂಟಲಿನ ಗಂಟಿಗೆ ಆಪರೇಶನ್. ದನಿ ಹೀಗೇ ಉಳಿದೀತೆಂದು ಹೇಳಲಾರೆ ಅಂದಿದ್ದರು ಡಾಕ್ಟರು. ಏನಿದ್ದರೂ ಅವತ್ತೇ ಆಗಬೇಕು.

ಮೂರು ಸಲ ಹಾಡಿದಳು. ಮೂರು ಸಲವೂ ನಡುವೆ ಢಬ್.

೪
ಪೈಪ್ ಫಿಟ್ಟರ್ ಬುರಾನಸಾಬ ಅದಾಗಲೇ ಮೋಟರು ಬಿಚ್ಚಿ, ಬೇರಿಂಗ್ ಬದಲಿಸಿ, ಮತ್ತೆ ಬಿಚ್ಚಲು ಕುಳಿತಿದ್ದ. ಬೀರವ್ವ ಎದ್ದು ಬಂದು ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಂತು, ಪೈಪಿನ ಮೇಲೆ ಅಂಗೈ ಇಟ್ಟಳು. ಎರಡು ಢಬ್ ಆಗುವ ತನಕ ಕೈ ತೆಗೆಯಲಿಲ್ಲ.

"ಮೋಟರ್ ನಿಂತ ಮ್ಯಾಲ ಸಪ್ಪಳ ಆಗತೈತಿ, ಬುರಾನಸಾಬ. ಮಲಗಿದಾಂವಗ ಯಾಕ ಬಡೀತಿ?"

"ಮತ್ತ ಯಾರದಬೇ ಸಪ್ಪಳ?"

"ನೀರಿಂದು. ಮ್ಯಾಲ ಹೋಗಿದ್ದು ಹೊಳ್ಳಿ ಓಡಿ ಬಂದು ಕದಾ ಬಡೀತೈತಿ."

ಬೀರವ್ವನ ಹೊಲದ ಬಾವಿಯ ಪಂಪಿನ ವಾಲ್ವು ಸೋರುತ್ತಿತ್ತಂತೆ. ದಿನಾ ಬೆಳಿಗ್ಗೆ ಕೊಡಪಾನದಿಂದ ಪೈಪಿಗೆ ನೀರು ತುಂಬುವುದು, ಅದು ಕೆಳಗೆ ಜಾರುವುದನ್ನು ಕೇಳುವುದು, ಹದಿನೆಂಟು ವರ್ಷ ಅದೇ ಕೆಲಸ. (ಎಂಬತ್ತು ವರ್ಷ ಎಂದು ಬರೆದಿದ್ದೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿ ತೋರಿಸಿದಾಗ, ತನಗೇ ಅರವತ್ತೆರಡು ಎಂದು ಆಕೆ ಹೊಡೆದುಹಾಕಿಸಿದಳು.)

ಬುರಾನಸಾಬ ಮೋಟರನ್ನು ಅಲ್ಲೇ ಬಿಟ್ಟು ಎದ್ದ. ಅದಕ್ಕೇ ಅವನೆಂದರೆ ನನಗೆ ಗೌರವ: ನಲವತ್ತು ವರ್ಷದ ಕಸಬುದಾರ, ಹಾಡುವ ಹೆಣ್ಣುಮಗಳ ಮಾತಿಗೆ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಪೈಪು ಕೊಯ್ದ. ನೀರನ್ನು ಹಿಂದಕ್ಕೆ ಬಿಡಬಾರದ ವಾಲ್ವು ಸೋಮಾರಿಯಾಗಿತ್ತು, ನೀರು ಅರ್ಧ ದಾರಿ ಇಳಿದ ಮೇಲೆ ಧಡಾರನೆ ಮುಚ್ಚುತ್ತಿತ್ತು. ಸ್ಪ್ರಿಂಗಿನದು ಹಾಕಿದ. ಪೈಪನ್ನು ಗೋಡೆಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳ ಕೆಳಗೆ ಸೈಕಲ್ ಟ್ಯೂಬು ಕತ್ತರಿಸಿ ಇಟ್ಟ. ಅಷ್ಟು ಹೊತ್ತು ಗುಂಡಿಯ ನೀರನ್ನು ಒಂಬತ್ತು ಸಾವಿರ ಬಕೆಟ್ ಎತ್ತಿ ಹಾಕಿದವನು ನಾನು. (ಮಹೇಕ್: 'ಹನ್ನೊಂದು'.)

೫
ಪಂಪು ಚಾಲೂ ಆಯಿತು. ನಿಂತಿತು. ನಾಲ್ವರೂ ಗೋಡೆ ನೋಡಿದೆವು. ಗೋಡೆ ಸುಮ್ಮನಿತ್ತು.

ಬೀರವ್ವ ಹಾಡಿದಳು. ಇಲ್ಲಿ ಎಷ್ಟು ಬೇಕಾದರೂ ಉಬ್ಬಿಸಬಹುದು, ನನಗೆ ಅದೇ ಉದ್ಯೋಗ, ಆದರೆ ಉಬ್ಬಿಸಲು ಜಾಗವೇ ಇರಲಿಲ್ಲ. ಬುರಾನಸಾಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಹನ್ನೊಂದು ನಿಮಿಷಕ್ಕೆ ಬೀರವ್ವ ನಿಲ್ಲಿಸಿ, ನೀರು ಕೇಳಿ ಕುಡಿದಳು.

"ಇನ್ನೊಂದು ನುಡಿ ಐತಿ, ಪದದ ಕಡೀದು. ಅದನ್ನ ಬಂದ ಮ್ಯಾಲ ಹಾಡತೇನಿ."

ಮಹೇಕ್ ಹೆಡ್‌ಫೋನ್ ಕಿತ್ತಳು. "ಆಯಿ, ನಾಳಿ ಏನಾಗತೈತೋ ಏನೋ. ಈಗಽ ಹಾಡ್ರಿ."

"ಪೂರಾ ಹಾಡಿ ಹೋದ್ರ ಹೊಳ್ಳಿ ಬರಾಕ ನನಗೇನ ಕೆಲಸ ಉಳೀತೈತಿ, ತಂಗಿ?"

೬
ಮುಕ್ತಾಯಗಳು:
ಅ) ಆಪರೇಶನ್ ಸುಸೂತ್ರ. ಬೀರವ್ವ ಬಂದು ಹಾಡುತ್ತಾಳೆ.
ಆ) ಬರುತ್ತಾಳೆ, ದನಿ ಬರುವುದಿಲ್ಲ. ಬಾಯವ್ವ ಎಂಬ ಮೊಮ್ಮಗಳೊಬ್ಬಳನ್ನು ಸೃಷ್ಟಿಸಿ ಅವಳಿಂದ ಹಾಡಿಸುತ್ತೇನೆ.
ಇ) ಆ ನುಡಿಯನ್ನು ನಾನೇ ಬರೆಯುತ್ತೇನೆ. ನಾನು ಬರೆಯಲಾರದ್ದು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. (ಮೂರು ಬರೆದೆ. ಮೂರೂ ನನ್ನ ಹಾಗೇ ಜಂಬ ಕೊಚ್ಚುತ್ತಿದ್ದವು. ಹರಿದೆ.)

ಬೀರವ್ವನೊಂದಿಗೆ ಧಾರವಾಡದ ಬಸ್ಸಿಗೆ ಕಾಯುತ್ತ ಈ ಮೂರೂ ಮುಕ್ತಾಯಗಳನ್ನು ಓದಿದೆ. ಆಕೆ ಕೇಳಿ, "ಎಲ್ಲಾ ನೀನಽ ಮುಗಿಸಿಬಿಟ್ರ ನಾ ಯಾಕ ಹೋಗಲಿ, ತಮ್ಮಾ?" ಎಂದು ಚೀಲ ಎತ್ತಿಕೊಂಡಳು.

ಮಹೇಕ್ ತನ್ನ ಕಂಪ್ಯೂಟರಿನಲ್ಲಿ ಪದದ ಕೊನೆಗೆ ಒಂದು ನಿಮಿಷದಷ್ಟು ಖಾಲಿ ಬಿಟ್ಟಿದ್ದಾಳೆ. ಮೈಕನ್ನು ಬೀರವ್ವನ ಬಾಯಿಯ ಎತ್ತರಕ್ಕೇ ಇಟ್ಟಿದ್ದಾಳೆ, ಬೇರೆಯವರು ಹಾಡಲು ಬಂದರೆ ಇನ್ನೊಂದು ಮೈಕು ತೆಗೆಯುತ್ತಾಳೆ. ಬುರಾನಸಾಬ ದಿನಕ್ಕೊಮ್ಮೆ ಬಂದು ಗೋಡೆಗೆ ಕೈಯಿಟ್ಟು ಹೋಗುತ್ತಾನೆ. ಧಾರವಾಡದಿಂದ ಫೋನು ಬಂತೇ ಎಂದು ನೀವು ಕೇಳುತ್ತೀರಿ. ಬಂದಿರಬಹುದು. ನಾನು ಹೇಳುವವನಲ್ಲ. ಮಹೇಕಳಂತೆ ನಾನೂ ಕೊನೆಗೆ ಖಾಲಿ ಬಿಡುತ್ತೇನೆ, ಹಾಡಬೇಕಾದವಳು ಇನ್ನೂ…