ಅಪೊಂಡಿಯ ಹೆಬ್ಬೆಟ್ಟು

ಪ್ರೊಫೆಸರ್ ಅವೂರ್ ಬರುತ್ತಾರೆಂದು ಬೆಳಿಗ್ಗೆಯೇ ಚರ್ಚಿನ ಅಂಗಳ ಗುಡಿಸಿ, ಗಂಡಸರಿಗೆ ಕುರ್ಚಿ, ನಮಗೆ ಚಾಪೆ ಹಾಕಿದ್ದೆವು. ಹೆಂಗಸರ ಓದಿನ ಮೇಲೆ ಪುಸ್ತಕ ಬರೆದವರು ಬರುವ ದಿನವೂ ಕುರ್ಚಿ ಗಂಡಸರಿಗೇ. ಹಾಕಿದವರೂ ನಾವೇ, ಯಾರನ್ನು ಬೈಯುವುದು?

ಅವೂರ್ ಪಕ್ಕದೂರಿನ ಮಗಳು, ನೈರೋಬಿಯಲ್ಲಿ ದೊಡ್ಡ ಪ್ರೊಫೆಸರ್. ಸರೋವರದ ದಡದ ನಮ್ಮೂರಲ್ಲಿ ಹೆಂಗಸರಿಗೆ ಸಂಜೆ ಶಾಲೆ ತೆರೆಸಿದ್ದು ಅವರೇ. ಮೀನು ಒಣಹಾಕಿ ಬಂದ ಕೈಯಲ್ಲೇ ನಾವು ಅಕ್ಷರ ತಿದ್ದಿದೆವು. ನಾನು ಈಗಲೂ ತಡವರಿಸುತ್ತೇನೆ. ಅಪೊಂಡಿ ಹಾಗಲ್ಲ, ಅವಳು ಓದುತ್ತಿದ್ದರೆ ನಾವು ಮಾತು ನಿಲ್ಲಿಸಿ ಕೇಳುತ್ತಿದ್ದೆವು. ಅವಳ ಸಹಿಯೂ ಚೆಂದ, ಕೊನೆಯ ಅಕ್ಷರಕ್ಕೊಂದು ಉದ್ದನೆಯ ಬಾಲ ಎಳೆಯುತ್ತಿದ್ದಳು. ಬರುವ ತಿಂಗಳಿಂದ ಶಾಲೆಯನ್ನು ಅವಳಿಗೇ ಒಪ್ಪಿಸುವುದೆಂದು ಮಾತಾಗಿತ್ತು.

ಮನೆಯಲ್ಲಿ ಮಾತ್ರ ಅವಳು ಪುಸ್ತಕ ಮುಟ್ಟುತ್ತಿರಲಿಲ್ಲ. ಅಲ್ಲಿ ಓದುವವನು ಗಂಡ ಓವಿಟಿ. ಚರ್ಚಿನ ಹಿರಿಯ, ದಿನಾ ಊಟವಾದ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಬೈಬಲ್ ಓದುವ ಮನುಷ್ಯ. ಅಪೊಂಡಿ ಗಂಡನನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳೆಂದು ನಾವು ರೇಗಿಸುತ್ತಿದ್ದೆವು. ಅವಳು ನಕ್ಕುಬಿಡುತ್ತಿದ್ದಳು.

ಅವೂರ್ ಎದ್ದು ನಿಂತು, ಇದು ನಿಮ್ಮೆಲ್ಲರ ಪುಸ್ತಕ, ಹೆಸರು ಊರು ಎಲ್ಲ ಬದಲಾಯಿಸಿದ್ದೇನೆ, ನನಗೆ ತುಂಬಾ ಇಷ್ಟವಾದ ಭಾಗ ಓದುತ್ತೇನೆ ಎಂದರು. ನಮ್ಮ ಮಾತಿನಲ್ಲೇ ಓದಿದರು. ದೂರದ ಗುಡ್ಡದೂರಿನ ಒಬ್ಬ ಹೆಂಗಸು. ಹೊಸದಾಗಿ ಅಕ್ಷರ ಕಲಿತವಳು ಒಂದು ರಾತ್ರಿ ಬೈಬಲ್ ಓದುತ್ತಿರುವ ಗಂಡನ ಹಿಂದೆ ನಿಂತು ಪುಟದ ಮೇಲೆ ಕಣ್ಣಾಡಿಸುತ್ತಾಳೆ. ಪುಟದಲ್ಲಿರುವುದು ರಾಜರ ವಂಶಾವಳಿ, ಗಂಡನ ಬಾಯಲ್ಲಿ ಬರುತ್ತಿರುವುದು ರೂತಳ ಕಥೆ. ಅವನಿಗೆ ಒಂದಕ್ಷರವೂ ಬಾರದು. ಚರ್ಚಿನಲ್ಲಿ ಕೇಳಿದ್ದನ್ನೇ ಇಷ್ಟು ವರ್ಷ ಓದಿದಂತೆ ಹೇಳುತ್ತ ಬಂದಿದ್ದಾನೆ. ಅವಳು ಊರಲ್ಲಿ ಯಾರಿಗೂ ಹೇಳಲಿಲ್ಲ. ಈಗಲೂ ದಿನಾ ದೀಪ ತಂದು ಅವನ ಪಕ್ಕ ಇಡುತ್ತಾಳೆ. ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಎರಡು ಸಲ ಕೆಮ್ಮಿ ಪುಸ್ತಕ ತೆರೆಯುತ್ತಾನೆ.

ಮುಂದಿನ ಸಾಲಿನ ಕುರ್ಚಿಯಲ್ಲಿ ಓವಿಟಿ ಆಗಷ್ಟೇ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.

ಹಿಂದಿನ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕೆವು, ನಾನೂ ನಕ್ಕೆ. ಪಾಪ, ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳದೆ ಜೇಬಿಗಿಟ್ಟುಕೊಂಡ. ಅವೂರ್ ಮುಖ ಇಳಿದುಹೋಯಿತು. ಅಷ್ಟೆಲ್ಲ ಓದಿದವರಿಗೆ ಬರೆಯುವಾಗ ಒಂದು ಕನ್ನಡಕ ಬಿಟ್ಟುಬಿಡಲು ತಿಳಿಯಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ನಕ್ಕ ನನ್ನ ಮೇಲೂ ಬಂತು.

ಓವಿಟಿ ಎದ್ದುಹೋಗಿ ಅವೂರ್ ಕೈಯಿಂದ ಪುಸ್ತಕ ತೆಗೆದುಕೊಂಡು ಹೆಂಡತಿಯ ಮುಂದೆ ಹಿಡಿದ.

"ಒಗೊಲನ ಅಮ್ಮ, ಮುಂದಿಂದು ನೀನೇ ಓದು. ನಿನಗೆ ಚೆನ್ನಾಗಿ ಬರತ್ತಲ್ಲ."

ಅಪೊಂಡಿ ಪುಸ್ತಕವನ್ನು ತಿರುವಿ ನೋಡಿ ಮಡಚಿ ಅವನಿಗೇ ಕೊಟ್ಟಳು.

"ನನಗೆಲ್ಲಿ ಬರತ್ತೆ ಓದೋಕೆ? ಸಂಜೆ ಹೊತ್ತು ಕಳೀಲಿ ಅಂತ ಇವರ ಜೊತೆ ಕೂತ್ಕೋತಿದ್ದೆ, ಅಷ್ಟೇ. ನಮ್ಮನೇಲಿ ಓದೋರು ನೀವು."

ಅದು ಸುಳ್ಳೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವೂರ್ ಮಾತ್ರ ತಡೆಯಲಾರದೆ, "ಆದರೆ ಅಪೊಂಡಿ, ನೀವು..." ಎಂದು ಶುರುಮಾಡಿದರು.

"ಸುಮ್ನಿರಿ ಮೇಡಂ," ಎಂದೆ ನಾನು. "ಇವತ್ತು ಓದಿದ್ದು ಸಾಕು."

ಆಮೇಲೆ ತಲೆಗೊಂದು ಪುಸ್ತಕ ಹಂಚಿದರು. ತೆಗೆದುಕೊಂಡವರು ಒಂದು ಹಾಳೆಯಲ್ಲಿ ಸಹಿ ಮಾಡಬೇಕಿತ್ತು. ಅಪೊಂಡಿ ಪೆನ್ನು ಮುಟ್ಟಲಿಲ್ಲ, ಹೆಬ್ಬೆಟ್ಟಿಗೆ ಶಾಯಿ ಕೇಳಿದಳು. ನಮ್ಮ ಗುಂಪಿನಲ್ಲಿ ಅದು ಯಾರಿಗೂ ಬೇಕಾಗದೆ ವರ್ಷಗಳೇ ಆಗಿದ್ದವು, ಎಲ್ಲಿಂದ ತರುವುದು? ಅವಳು ಚಹಾ ಕಾಯಿಸುತ್ತಿದ್ದ ಕಡೆಗೆ ಹೋಗಿ, ಪಾತ್ರೆಯ ತಳದ ಮಸಿಯನ್ನು ಹೆಬ್ಬೆರಳಿಗೆ ಒರೆಸಿಕೊಂಡು ಬಂದು, ಗಂಡ ನೋಡುವಂತೆ ಒತ್ತಿದಳು. ಅವನು ಅವಳ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡ. ಇಬ್ಬರೂ ಮನೆಗೆ ಹೊರಟರು.

ಅವೂರ್ ಹಾಳೆ ಹಿಡಿದುಕೊಂಡು ನಿಂತೇ ಇದ್ದರು. ಹೆಸರು ಬದಲಾಯಿಸಿದ್ದೆನಲ್ಲ ಎಂದು ಮೆಲ್ಲಗೆ ಹೇಳಿದರು, ಯಾರಿಗೆಂದು ತಿಳಿಯಲಿಲ್ಲ. ಮುಂದಿನ ಸರದಿ ನನ್ನದು. ಪೆನ್ನು ಕೈಗೆ ಬಂತು, ಮಸಿಯ ಗುರುತಿನ ಕೆಳಗೆ ಜಾಗವೂ ಇತ್ತು. ನನ್ನ ಹೆಸರು ಬರೆಯಲು ನನಗೆ ನಾಚಿಕೆಯಾಯಿತು.